ದಪ್ಪ ಗಾಲಿಯ ಸೈಕಲ್ಲು: ಕೊಡಿಸಬೇಕೇ, ಬೇಡವೇ?

ಕಳೆದ ವಾರ ರಾತ್ರಿ ಊಟ ಮುಗಿಸಿ ಜಗುಲಿಯಲ್ಲಿ ಕುಳಿತಿದ್ದಾಗ ಅಂಕೋಲೆಯ ಕಡೆಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ. ಕುಶಲೋಪರಿಯೆಲ್ಲ ಮುಗಿದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದ. "ಮಾಸ್ತರರೇ, ಮಗ ಈ ವರ್ಷ ಎಂಟನೆಯ ಇಯತ್ತೆ. ದಪ್ಪ ಟೈರಿನ ಸೈಕಲ್ಲೇ ಬೇಕೆಂದು ಹಟ ಹಿಡಿದು ಕೂತಿದ್ದಾನೆ. ಹದಿನಾಲ್ಕು ಸಾವಿರ ಹೇಳುತ್ತಾರೆ. ನೀವು ಮೊಮ್ಮಗನಿಗೆ ತೆಗೆಸಿಕೊಟ್ಟಿದ್ದೀರಂತಲ್ಲ, ಹೇಗಿದೆ?"

"ಬೇಡ ಮಾರಾಯಾ, ಅದರ ಸುದ್ದಿಗೇ ಹೋಗಬೇಡ" ಎಂದುಬಿಟ್ಟೆ. "ಆಯಿತು ಮಾಸ್ತರರೇ" ಎಂದು ಅವನು ಫೋನು ಇಟ್ಟ. ಮೂವತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿಯೂ ಅವನು ಹೀಗೆಯೇ, ಹೇಳಿದ್ದಕ್ಕೆ ಎದುರಾಡದೆ ತಲೆಯಾಡಿಸುತ್ತಿದ್ದ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ನಾನು ಕೊಟ್ಟ ಉತ್ತರದ ಹಿಂದೆ ಇದ್ದುದು ವಿಚಾರವಲ್ಲ, ಒಂದು ಹೆದರಿಕೆ. ಆ ಹೆದರಿಕೆಗೆ ಸೈಕಲ್ಲು ಎಷ್ಟು ಕಾರಣವೋ ನಾನೂ ಅಷ್ಟೇ ಕಾರಣ. ಒಬ್ಬ ಹುಡುಗನ ಆಸೆಯನ್ನು ಅಷ್ಟು ಅಗ್ಗವಾಗಿ ತಳ್ಳಿಹಾಕಿದ್ದು ನ್ಯಾಯವಲ್ಲವೆನಿಸಿತು. ಆದುದರಿಂದ ಈ ಬರಹ. ಅವನೂ ಓದುತ್ತಾನೆ, ಅವನಂತೆ ಮಕ್ಕಳ ಹಟದೆದುರು ಕುಳಿತಿರುವ ನಿಮ್ಮಲ್ಲಿ ಕೆಲವರಿಗೂ ಉಪಯೋಗವಾದೀತು.

ಮೊದಲು ವಸ್ತುವಿನ ಪರಿಚಯ. ನಾವು ತುಳಿದ ಕರಿಯ ಸೈಕಲ್ಲಿನ ಟೈರಿನ ಅಗಲ ಒಂದೂವರೆ ಇಂಚು. ಈ ಸೈಕಲ್ಲಿನದು ನಾಲ್ಕು ಇಂಚು, ಎಂದರೆ ಮೋಟಾರು ಸೈಕಲ್ಲಿನ ಟೈರಿಗೆ ಸಮ. ಮೊದಲ ಸಲ ನೋಡಿದಾಗ ಎಂಜಿನ್ ಇಡಲು ಮರೆತ ಮೋಟಾರು ಸೈಕಲ್ಲಿನಂತೆಯೇ ಕಂಡಿತ್ತು. ಹುಡುಗರಿಗೆ ಹಿಡಿಸುವುದೂ ಬಹುಮಟ್ಟಿಗೆ ಅದೇ ಕಾರಣಕ್ಕೆ. ಇದರಲ್ಲಿ ಲಕ್ಷ ರೂಪಾಯಿಗೆ ಮಿಕ್ಕಿದವೂ ಇವೆಯಂತೆ. ನಾನು ಹೇಳಹೊರಟಿರುವುದು ನಮ್ಮ ಪೇಟೆಗಳಲ್ಲಿ ಹತ್ತರಿಂದ ಇಪ್ಪತ್ತು ಸಾವಿರದೊಳಗೆ ಸಿಗುವ, ಆರಂಭದ ಮಟ್ಟದ ಸೈಕಲ್ಲುಗಳ ಮಾತು ಮಾತ್ರ.

ಇದು ಯಾರೋ ಚಂದಕ್ಕಾಗಿ ಮಾಡಿದ ವಸ್ತುವೆಂದು ನಾನು ತಿಳಿದಿದ್ದೆ. ಹಾಗಲ್ಲ. ಅಮೆರಿಕದ ಅಲಾಸ್ಕಾದಲ್ಲಿ 1987ರಲ್ಲಿ ಇಡಿಟಾಬೈಕ್ ಎಂಬ ಸೈಕಲ್ ಸ್ಪರ್ಧೆ ಮೊದಲಾಯಿತು. ನಾಯಿಗಳು ಜಾರುಬಂಡಿ ಎಳೆಯುವ ಹಿಮದ ಹಾದಿಯಲ್ಲಿ 200 ಮೈಲಿ. ಸಾಮಾನ್ಯ ಸೈಕಲ್ಲಿನ ಗಾಲಿಗಳು ಹಿಮದಲ್ಲಿ ಹೂತುಹೋಗಿ, ಸ್ಪರ್ಧಿಗಳು ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಫೇರ್‌ಬ್ಯಾಂಕ್ಸ್ ಊರಿನ ಸೈಮನ್ ರಾಕೋವರ್ ಎಂಬಾತ ಎರಡು ರಿಮ್ಮುಗಳನ್ನು ಪಕ್ಕಪಕ್ಕ ಬೆಸುಗೆ ಹಾಕಿ ಅಗಲ ಮಾಡಿ ನೋಡಿದ. ಮುಂದೆ 44 ಮಿ.ಮೀ. ಅಗಲದ ರಿಮ್ಮನ್ನು 'ಸ್ನೋಕ್ಯಾಟ್' ಎಂಬ ಹೆಸರಿನಲ್ಲಿ ಮಾರಿದ. ಅತ್ತ ನ್ಯೂ ಮೆಕ್ಸಿಕೋದ ಮರಳುಗಾಡಿನಲ್ಲಿ ರೇ ಮೊಲಿನಾ ಎಂಬಾತ ಮರಳಿಗಾಗಿ ಇನ್ನೂ ಅಗಲದ ರಿಮ್ಮು ಮಾಡಿಸಿದ. ಇವೆಲ್ಲ ಗ್ಯಾರೇಜಿನ ಪ್ರಯೋಗಗಳು. 2005ರಲ್ಲಿ ಸರ್ಲಿ ಎಂಬ ಕಂಪನಿ 'ಪಗ್ಸ್‌ಲಿ' ಎಂಬ ಸೈಕಲ್ಲನ್ನು ಕಾರ್ಖಾನೆಯಲ್ಲಿಯೇ ಮಾಡಿ ಮಾರತೊಡಗಿದ ಮೇಲೆ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳುವಂತಾಯಿತು. ಹಿಮ ಮತ್ತು ಮರಳು, ಈ ಎರಡಕ್ಕೆ ಹುಟ್ಟಿದ ಗಾಲಿ ಇದು. ನಮ್ಮ ಕುಮಟೆಯಲ್ಲಿ ಹಿಮವಿಲ್ಲ, ಮರಳಿಗೆ ಬಡತನವಿಲ್ಲ.

ವಿಜ್ಞಾನದ ಮಾಸ್ತರನಾದ ತಪ್ಪಿಗೆ ಒಂದು ಸಣ್ಣ ಲೆಕ್ಕ ಹೇಳದೆ ಮುಂದೆ ಹೋಗಲಾರೆ. ಒತ್ತಡವೆಂದರೆ ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ನಿಮಗೆಲ್ಲ ಬಾಯಿಪಾಠ ಮಾಡಿಸಿದ್ದೆ. ಹುಡುಗನದೂ ಸೈಕಲ್ಲಿನದೂ ಸೇರಿದ ಭಾರದಲ್ಲಿ ಹಿಂದಿನ ಗಾಲಿಯ ಮೇಲೆ 35 ಕಿಲೋ ಬೀಳುತ್ತದೆಂದು ಇಟ್ಟುಕೊಳ್ಳಿ. ತೆಳು ಟೈರಿಗೆ 50 ಪಿ.ಎಸ್.ಐ. ಗಾಳಿ ತುಂಬಿದರೆ, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಮೂರೂವರೆ ಕಿಲೋ, ಟೈರು ನೆಲವನ್ನು ಮುಟ್ಟುವುದು ಹತ್ತು ಚದರ ಸೆಂಟಿಮೀಟರಿನಷ್ಟು. ದಪ್ಪ ಟೈರಿಗೆ 10 ಪಿ.ಎಸ್.ಐ. ಸಾಕು, ಆಗ ಅದು ಐವತ್ತು ಚದರ ಸೆಂಟಿಮೀಟರಿನಷ್ಟು ನೆಲವನ್ನು ತಬ್ಬಿಕೊಳ್ಳುತ್ತದೆ. ಟೈರಿನ ಗೋಡೆಯ ಬಿಗಿತವನ್ನು ನಾನಿಲ್ಲಿ ಬಿಟ್ಟಿದ್ದೇನೆ, ಆದರೂ ಅಂದಾಜು ತಪ್ಪಲಾರದು. ಕೆಸರುಗದ್ದೆಗೆ ಹಲಗೆ ಹಾಸಿ ದಾಟುವುದಿಲ್ಲವೇ, ಅದೇ ತತ್ತ್ವ.

ಎರಡು ವರ್ಷಗಳ ಹಿಂದೆ ದೀಪಾವಳಿಗೆ ಇಂತಹ ಸೈಕಲ್ಲೊಂದನ್ನು ಮೊಮ್ಮಗನಿಗೆ ತೆಗೆಸಿಕೊಟ್ಟೆ. ಆಗ ಅವನು ಏಳನೆಯ ಇಯತ್ತೆ. ಬುದ್ಧಿವಂತ, ಆದರೆ ಅಂಜುಬುರುಕ. ಶಾಲೆಯಿಂದ ಬಂದವನು ಮೊಬೈಲು ಹಿಡಿದು ಮೂಲೆ ಸೇರುತ್ತಿದ್ದ. ಅವನ ಅಮ್ಮ, ನನ್ನ ಮಗಳು, ಕ್ಯಾರಿಯರು ಮಡ್‌ಗಾರ್ಡು ಇರುವ ಒಂದು ಸಾದಾ ಸೈಕಲ್ಲನ್ನು ಆರಿಸಿಟ್ಟಿದ್ದಳು. ಬೆಲೆ ಅರ್ಧಕ್ಕೂ ಕಡಿಮೆ. ಅವನು ಅದರತ್ತ ತಿರುಗಿಯೂ ನೋಡಲಿಲ್ಲ. ಅಜ್ಜನಾದ ನಾನು ಕರಗಿದೆ.

ಮೊದಲ ಭಾನುವಾರ ಧಾರೇಶ್ವರದ ಕಡಲತೀರಕ್ಕೆ ಹೋದೆವು. ನನ್ನ ಪ್ರಾಯದಲ್ಲಿ ನಾನೂ ಅಲ್ಲಿಗೆ ಸೈಕಲ್ಲು ಒಯ್ದದ್ದುಂಟು, ತೆಂಗಿನ ಮರಕ್ಕೆ ಒರಗಿಸಿಟ್ಟು ಹೋಗುವುದಕ್ಕಾಗಿ. ಈ ಹುಡುಗ ಗಾಳಿ ಸ್ವಲ್ಪ ಬಿಟ್ಟುಕೊಂಡು, ಹಗುರ ಗೇರಿಗೆ ಹಾಕಿ, ನೇರ ಮರಳಿಗೇ ಇಳಿದ. ಒಣ ಮರಳಿನಲ್ಲಿ ತುಸು ತಿಣುಕಿದ, ಹ್ಯಾಂಡಲ್ಲು ಅತ್ತಿತ್ತ ಹೊರಳಿತು, ಆದರೆ ಗಾಲಿ ಹೂಳಲಿಲ್ಲ. ನೀರಂಚಿನ ಗಟ್ಟಿ ಮರಳಿಗೆ ಬಂದವನು ದಕ್ಷಿಣಕ್ಕೆ ಒಂದು ಚುಕ್ಕೆಯಾಗುವವರೆಗೆ ಹೋಗಿ ತಿರುಗಿ ಬಂದ. "ಅಜ್ಜಾ, ಮುಳುಗುವುದೇ ಇಲ್ಲ!" ಎಂದು ಕೂಗುತ್ತಲೇ ಬಂದ. ಅವನು ಅಷ್ಟು ದೊಡ್ಡ ದನಿಯಲ್ಲಿ ಕೂಗಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ.

ಈ ಒಂದು ಗುಣವನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಅಗಲ ಗಾಲಿಯಿಂದ ಬರುವ ಸ್ಥಿರತೆ ಅಂಜುವ ಮಗುವಿಗೆ ಧೈರ್ಯ ಕೊಡುತ್ತದೆ. ಜಲ್ಲಿ ಎದ್ದ ರಸ್ತೆ, ಹೊಂಡ, ಡಾಂಬರಿನ ಅಂಚಿನ ಕುಸಿತ, ತೆಳು ಟೈರು ಸಿಕ್ಕಿಬೀಳುವಂತಹ ಬಿರುಕು, ಯಾವುದಕ್ಕೂ ಅದು ಸೊಪ್ಪು ಹಾಕುವುದಿಲ್ಲ. ಟೈರೇ ಮೆತ್ತೆಯಾದುದರಿಂದ ಬೆನ್ನಿಗೆ ಕುಲುಕಾಟವಿಲ್ಲ. ಮಗಳು ಆರಿಸಿದ್ದ ಸೈಕಲ್ಲು ಎಲ್ಲ ಲೆಕ್ಕದಲ್ಲಿಯೂ ಉತ್ತಮವಾಗಿತ್ತು. ಆದರೆ ಅದು ಕೊಟ್ಟಿಗೆಯ ಗೋಡೆಗೆ ಒರಗಿಯೇ ಇರುತ್ತಿತ್ತು.

ಇನ್ನು ಮರುದಿನದ ಸೋಮವಾರ. ಶಾಲೆ ನಮ್ಮ ಮನೆಯಿಂದ ಆರು ಕಿಲೋಮೀಟರು, ಎಲ್ಲವೂ ಡಾಂಬರು. ಸಾದಾ ಸೈಕಲ್ಲಿನಲ್ಲಿ ಇಪ್ಪತ್ತೈದು ನಿಮಿಷ ಹಿಡಿಯುವ ದಾರಿಗೆ ಇವನಿಗೆ ನಲವತ್ತು ನಿಮಿಷ ಹಿಡಿಯಿತು. ಬೆವರಿ ತೊಪ್ಪೆಯಾಗಿ ಪ್ರಾರ್ಥನೆ ಮುಗಿದ ಮೇಲೆ ತಲುಪಿದನಂತೆ. ಕಾರಣ ತೂಕವೆಂದು ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಇವುಗಳ ತೂಕ ಸುಮಾರು 18ರಿಂದ 20 ಕಿಲೋ ನಿಜ. ಆದರೆ ನಾನು ಹರೆಯದಲ್ಲಿ ತುಳಿದ, ಎರಡನೆಯ ಕೈಯಿಂದ ಕೊಂಡ ಅಟ್ಲಾಸ್ ಕೂಡ ಅಷ್ಟೇ ತೂಗುತ್ತಿತ್ತು. (ಆ ಅಟ್ಲಾಸ್ ಕಂಪನಿಯ ಸಾಹಿಬಾಬಾದಿನ ಕಾರ್ಖಾನೆ ನಿಂತದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಓದಿದ ದಿನ ಮನಸ್ಸಿಗೆ ಬಹಳ ಕೆಡುಕೆನಿಸಿತ್ತು.) ವ್ಯತ್ಯಾಸ ಬರುವುದು ಗಾಳಿಯಿಂದ. ಮರಳಿನಲ್ಲಿ ವರವಾದ ಮೆತ್ತನೆಯ ಟೈರು ಗಟ್ಟಿ ರಸ್ತೆಯಲ್ಲಿ ಪ್ರತಿ ಸುತ್ತಿಗೂ ಹಿಸುಕಿಕೊಂಡು ಮತ್ತೆ ಉಬ್ಬುತ್ತದೆ. ಹುಡುಗ ತುಳಿದ ಶಕ್ತಿಯ ಒಂದು ಪಾಲು ರಬ್ಬರನ್ನು ಬಿಸಿ ಮಾಡುವುದಕ್ಕೇ ಹೋಗುತ್ತದೆ. ಡಾಂಬರಿಗೆ ಇಳಿಯುವ ಮುನ್ನ 18–20 ಪಿ.ಎಸ್.ಐ. ವರೆಗೆ ತುಂಬಿಸಿದರೆ ಎಷ್ಟೋ ವಾಸಿ. ನಾವು ತುಂಬಿಸಿರಲಿಲ್ಲ. ಅದಾದ ಮೇಲೆ ಮೂವತ್ತು ಮೂವತ್ತೆರಡು ನಿಮಿಷಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ಎಂದೂ ಇಳಿಯಲಿಲ್ಲ. ಪೆಟ್ರೋಲು ಬಂಕಿನ ಯಂತ್ರದಿಂದ ಗಾಳಿ ಹಾಕಿಸುವವರು ಎಚ್ಚರದಿಂದಿರಬೇಕು. ಅಲ್ಲಿಯವರು ಸ್ಕೂಟರಿನ ಅಂದಾಜಿನಲ್ಲಿ ತುಂಬುತ್ತಾರೆ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಮಿತಿಯನ್ನು ಓದಿ ಹೇಳಿ.

ಇನ್ನೊಂದು ಮಾತು. ಅಷ್ಟು ಅಗಲದ ಗಾಲಿಗೆ ಜಾಗ ಬಿಡಬೇಕಾದುದರಿಂದ ಎರಡು ಪೆಡಲುಗಳ ನಡುವಿನ ಅಚ್ಚಿನ ಕೊಳವೆಯೂ ಅಗಲ. ಸಾಮಾನ್ಯ ಸೈಕಲ್ಲಿನಲ್ಲಿ 68 ಅಥವಾ 73 ಮಿ.ಮೀ. ಇರುವುದು ಇದರಲ್ಲಿ 100 ಮಿ.ಮೀ. ಇರುತ್ತದೆ. ಸಣ್ಣ ಮೈಕಟ್ಟಿನ ಹುಡುಗ ಕಾಲು ಅಗಲಿಸಿಯೇ ತುಳಿಯಬೇಕು. ಮೊದಲ ತಿಂಗಳು ನಮ್ಮವನು ಮಂಡಿ ನೋವೆನ್ನುತ್ತಿದ್ದ. ಸೀಟು ಎತ್ತರಿಸಿದ ಮೇಲೆ ಸುಮ್ಮನಾದ.

ಮಳೆಗಾಲದ ವಿಷಯ ಹೇಳಲೇಬೇಕು. ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಕರಾವಳಿಯಲ್ಲಿ ಮಡ್‌ಗಾರ್ಡಿಲ್ಲದ ಸೈಕಲ್ಲು ಮಾರುವುದೇ ಒಂದು ತಮಾಷೆ. ನಾಲ್ಕಿಂಚಿನ ಗಾಲಿ ಎತ್ತಿ ಎಸೆಯುವ ಕೆಂಪು ನೀರು ಬೆನ್ನಿನ ಮೇಲೆ ಸೊಂಟದಿಂದ ಕತ್ತಿನವರೆಗೆ ಪಟ್ಟೆ ಬರೆಯುತ್ತದೆ. ಕ್ಯಾರಿಯರು ಇಲ್ಲದುದರಿಂದ ಆರು ಕಿಲೋ ಪಾಟಿಚೀಲವೂ ಬೆನ್ನ ಮೇಲೆಯೇ. 2006-07ರಲ್ಲಿ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲಾರಂಭಿಸಿದಾಗ ಬಂದವು ಸಾದಾ ಸೈಕಲ್ಲುಗಳು. ಅವುಗಳ ಬೆಸುಗೆ, ಬಣ್ಣದ ಬಗ್ಗೆ ದೂರುಗಳಿದ್ದವು. ಆದರೆ ಹೆಣ್ಣುಮಕ್ಕಳು ಚೀಲವನ್ನು ಬುಟ್ಟಿಗೆ ಹಾಕಿ, ತಂಗಿಯನ್ನು ಹಿಂದೆ ಕೂರಿಸಿಕೊಂಡು ಸಾಲಾಗಿ ಶಾಲೆಯ ಅಂಗಳಕ್ಕೆ ಬರುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶಾಲೆಯ ಸೈಕಲ್ಲೆಂದರೆ ಅದು. ಈ ದಪ್ಪ ಗಾಲಿಯದರಲ್ಲಿ ತಂಗಿಗೆ ಜಾಗವಿಲ್ಲ.

ಈಗ ಬೆಲೆಯ ಗುಟ್ಟು. ಹದಿನಾಲ್ಕು ಸಾವಿರಕ್ಕೆ ದಪ್ಪ ಟೈರು, ಅಗಲ ರಿಮ್ಮು, ಇಪ್ಪತ್ತೊಂದು ಗೇರು, ಮುಂದೆ ಶಾಕ್ ಅಬ್ಸಾರ್ಬರು, ಎರಡೂ ಗಾಲಿಗೆ ಡಿಸ್ಕ್ ಬ್ರೇಕು, ಇಷ್ಟನ್ನೂ ಕೊಡುವವನು ಎಲ್ಲೋ ಒಂದು ಕಡೆ ಉಳಿತಾಯ ಮಾಡಲೇಬೇಕು. ಕಣ್ಣಿಗೆ ಕಾಣುವಲ್ಲಿ ಮಾಡಿದರೆ ಹುಡುಗರು ಕೊಳ್ಳುವುದಿಲ್ಲ. ಆದುದರಿಂದ ಉಳಿತಾಯ ನಡೆಯುವುದು ಗಾಲಿಯ ಗುಂಬದೊಳಗಿನ ಗುಂಡುಗಳಲ್ಲಿ, ಅಚ್ಚಿನ ಉಕ್ಕಿನಲ್ಲಿ, ಬ್ರೇಕಿನಲ್ಲಿ, ಪೆಡಲಿನಲ್ಲಿ. ಹೆಚ್ಚಿನ ಭಾರ ಹೊರಬೇಕಾದ ಭಾಗಗಳೇ ಅಗ್ಗದವಾಗಿರುತ್ತವೆ. ಟೈರು ತಾನೇ ಮೆತ್ತೆಯಾಗಿರುವಾಗ ಮುಂದಿನ ಶಾಕ್ ಅಬ್ಸಾರ್ಬರು ಅನಾವಶ್ಯಕ ತೂಕ. ಅದಿಲ್ಲದ ಮಾದರಿಯನ್ನು ಕೇಳಿ ಪಡೆಯುವುದು ಜಾಣತನ. ಗೇರು ಕಡಿಮೆಯಿದ್ದಷ್ಟೂ ಒಳ್ಳೆಯದು. ಅತಿ ಹಗುರ ಗೇರಿಗೆ ಹಾಕಿದಾಗ ಚೈನು ಟೈರಿಗೆ ಉಜ್ಜುತ್ತದೆಯೇ ಎಂದು ಅಂಗಡಿಯಲ್ಲಿಯೇ ತಿರುಗಿಸಿ ನೋಡಬೇಕು. ನಮ್ಮದು ಉಜ್ಜುತ್ತಿತ್ತು, ನಾವು ನೋಡಿರಲಿಲ್ಲ.

ಬ್ರೇಕಿನ ಮಾತು ಬಂತು. ಇಷ್ಟು ಹೊತ್ತು ಸುತ್ತಿ ಬಳಸಿ ತಪ್ಪಿಸುತ್ತಿದ್ದ ಸಂಗತಿಯನ್ನು ಇಲ್ಲಿ ಹೇಳಿಬಿಡುತ್ತೇನೆ. ನನ್ನ ಮಗಳಿಗೆ ಇದು ಇಂದಿನವರೆಗೂ ಪೂರ್ತಿ ತಿಳಿಯದು. ಇದನ್ನು ಓದಿಯೇ ತಿಳಿಯುತ್ತಾಳೆ.

ಕೊಂಡ ಐದಾರು ತಿಂಗಳಿಗೆ ಸೈಕಲ್ಲಿನ ಬ್ರೇಕು ಕಿರುಗುಟ್ಟತೊಡಗಿತು. ಹಿಡಿದಾಗಲೆಲ್ಲ ಕಿವಿ ಕೊರೆಯುವ ಸದ್ದು. ಹುಡುಗ ಮಲಗಿದ ಮೇಲೆ ಒಂದು ರಾತ್ರಿ ನಾನು ಹೊಲಿಗೆಯಂತ್ರದ ಎಣ್ಣೆಯ ಡಬ್ಬಿ ತೆಗೆದುಕೊಂಡು ಹೋಗಿ, ಸದ್ದು ಬರುವ ಜಾಗಗಳನ್ನೆಲ್ಲ ಹುಡುಕಿ ಎಣ್ಣೆ ಬಿಟ್ಟೆ. ಮುಂದೆ, ಹಿಂದೆ, ಎರಡೂ ತಟ್ಟೆಗಳಿಗೆ. ಐವತ್ತು ವರ್ಷ ಸೈಕಲ್ಲು ತುಳಿದವನು ನಾನು. ಕಿರುಗುಟ್ಟಿದರೆ ಎಣ್ಣೆ, ಇದು ನನಗೆ ಗೊತ್ತಿದ್ದ ವಿದ್ಯೆ. ನಮ್ಮ ಕಾಲದ ಬ್ರೇಕಿನಲ್ಲಿ ರಬ್ಬರಿನ ಗಟ್ಟಿಯೊಂದು ರಿಮ್ಮನ್ನು ಒತ್ತುತ್ತಿತ್ತು. ಅದಕ್ಕೆ ಎಣ್ಣೆ ಹಾಕಬಾರದೆಂದು ನನಗೆ ಚೆನ್ನಾಗಿ ತಿಳಿದಿತ್ತು. ಆದರೆ ಗಾಲಿಯ ನಡುವೆ ತಿರುಗುವ ಈ ತೆಳು ಉಕ್ಕಿನ ತಟ್ಟೆಯೇ ಬ್ರೇಕು ಎಂಬುದು ತಲೆಗೆ ಹೊಳೆಯಲಿಲ್ಲ. ಘರ್ಷಣೆಯ ಪಾಠವನ್ನು ಮೂವತ್ತಮೂರು ವರ್ಷ ಬೋಧಿಸಿದವನ ಕಥೆ ಇದು.

ಬೆಳಿಗ್ಗೆ ಹುಡುಗ ಎಂದಿನಂತೆ ಹೊರಟ. ನಮ್ಮ ಮನೆಯಿಂದ ಹೆದ್ದಾರಿಗೆ ಇಳುಕಲು. ಅರ್ಧ ಇಳಿದಾಗ ಬ್ರೇಕು ಒತ್ತಿದರೆ ಸೈಕಲ್ಲು ನಿಲ್ಲಲಿಲ್ಲ. ಕೆಳಗೆ 66ನೆಯ ಹೆದ್ದಾರಿಯಲ್ಲಿ ಲಾರಿಗಳು ಓಡುತ್ತಿದ್ದವು. ಅಂಜುಬುರುಕನೆಂದು ನಾನು ತಿಳಿದಿದ್ದ ಹುಡುಗ ಹ್ಯಾಂಡಲ್ಲು ತಿರುಗಿಸಿ ಪಕ್ಕದ ಮನೆಯವರ ದಾಸವಾಳದ ಬೇಲಿಗೆ ನುಗ್ಗಿಸಿದ. ಗಲ್ಲಕ್ಕೆ ಮೂರು ಹೊಲಿಗೆ ಬಿತ್ತು. ಮೂರಕ್ಕೇ ಮುಗಿಯಿತಲ್ಲ ಎಂದು ಅವನ ಅಜ್ಜಿ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ನಾನೇನು ಮಾಡಿದೆ? ಎರಡು ದಿನ ಸೈಕಲ್ಲು ಮಾಡಿದವರನ್ನೂ ಮಾರಿದವರನ್ನೂ ಬಯ್ದೆ. ಮೂರನೆಯ ದಿನ ರಿಪೇರಿಗೆ ಒಯ್ದಾಗ ಅಂಗಡಿಯಾತ ಮುಂದಿನ ತಟ್ಟೆಯನ್ನು ಬೆರಳಿನಿಂದ ಒರೆಸಿ, ಮೂಸಿ ನೋಡಿ, "ಮಾಸ್ತರರೇ, ಇದಕ್ಕೆ ಎಣ್ಣೆ ಬಿಟ್ಟವರು ಯಾರು?" ಎಂದ. ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ. ತಟ್ಟೆಗಳನ್ನು ಸ್ಪಿರಿಟಿನಲ್ಲಿ ಒರೆಸಿದ. ಎಣ್ಣೆ ಕುಡಿದ ಪ್ಯಾಡುಗಳನ್ನು ತೆಗೆದೆಸೆದು ಹೊಸತು ಹಾಕಿದ. ಕಿರುಗುಟ್ಟುವುದಕ್ಕೆ ಕಾರಣ ಪ್ಯಾಡು ಓರೆಯಾಗಿ ಕುಳಿತದ್ದು. ಎರಡು ಸ್ಕ್ರೂ ಸಡಿಲಿಸಿ ಸರಿಪಡಿಸಿದರೆ ಸಾಕಿತ್ತು. ಮನೆಯಲ್ಲಿ ನಾನು "ಬ್ರೇಕು ಕೆಟ್ಟಿತ್ತು, ಸರಿ ಮಾಡಿಸಿದೆ" ಎಂದಷ್ಟೇ ಹೇಳಿದೆ. ಅದು ಸುಳ್ಳಲ್ಲ, ನಿಜವೂ ಅಲ್ಲ. ಅಂಕೋಲೆಯ ಶಿಷ್ಯನಿಗೆ "ಬೇಡ ಮಾರಾಯಾ" ಎಂದಾಗ ನನ್ನ ಕಣ್ಣ ಮುಂದೆ ಇದ್ದುದು ಆ ದಾಸವಾಳದ ಬೇಲಿ.

ಹಾಗೆಂದು ಮಾರುವವರ ತಪ್ಪೇ ಇಲ್ಲವೆನ್ನಲಾರೆ. ಸೈಕಲ್ಲಿನ ಜೊತೆ ಕೊಟ್ಟ ಇಂಗ್ಲಿಷ್ ಕೈಪಿಡಿ ಯಾವುದೋ ಬೇರೆ ಮಾದರಿಯದು. ಮೊದಲ ತಿಂಗಳಲ್ಲಿ ಬ್ರೇಕಿನ ತಂತಿ ಹಿಗ್ಗುತ್ತದೆ, ಮತ್ತೆ ಬಿಗಿ ಮಾಡಿಸಬೇಕು, ತಟ್ಟೆಗೆ ಎಣ್ಣೆ ತಾಗಿಸಬಾರದು ಎಂದು ಕನ್ನಡದಲ್ಲಿ ನಾಲ್ಕು ಸಾಲು ಅಚ್ಚು ಹಾಕಿಸಿ ಹ್ಯಾಂಡಲ್ಲಿಗೆ ಕಟ್ಟಿದರೆ ಎಷ್ಟು ಖರ್ಚು? ಹೊಸ ಬಗೆಯ ಯಂತ್ರವನ್ನು ಹಳೆಯ ಹೆಸರಿನಲ್ಲಿ ಕೊಂಡಾಗ ಮನೆಯ ಹಿರಿಯರೆಲ್ಲ ತಮಗೆ ಗೊತ್ತಿರುವ ಸೈಕಲ್ಲೇ ಎಂದು ಭಾವಿಸುತ್ತಾರೆ.

ಕಡಲ ಮರಳಿನ ಇನ್ನೊಂದು ಮುಖವನ್ನೂ ಹೇಳಬೇಕು. ಯಾವ ಜಾಗಕ್ಕಾಗಿ ಈ ಗಾಲಿ ಹುಟ್ಟಿತೋ ಆ ಜಾಗವೇ ಅಗ್ಗದ ಸೈಕಲ್ಲಿಗೆ ಶತ್ರು. ಉಪ್ಪುನೀರು ಚೈನಿಗೆ ಒಂದೇ ರಾತ್ರಿಯಲ್ಲಿ ಕೆಂಪು ಬಣ್ಣ ಬಳಿಯುತ್ತದೆ. ಪೆಡಲಿನ ಅಚ್ಚಿನೊಳಗೆ ಮರಳು ಸೇರಿ ಎಂಟನೆಯ ತಿಂಗಳಿಗೆ ಕರಕರ ಎನ್ನತೊಡಗಿತು. ಆ ಅಗಲದ ಅಚ್ಚು ನಮ್ಮೂರಿನ ಯಾವ ಅಂಗಡಿಯಲ್ಲಿಯೂ ಇರಲಿಲ್ಲ. ಹುಬ್ಬಳ್ಳಿಯಿಂದ ಬರಲು ಮೂರು ವಾರ ಹಿಡಿಯಿತು. ಅಷ್ಟು ದಿನ ಹುಡುಗ ಬಸ್ಸಿಗೆ ಹೋದ. ಟ್ಯೂಬಿನದೂ ಅದೇ ಕಥೆ. ಒಂದು ಟ್ಯೂಬನ್ನು ಮೊದಲೇ ಕೊಂಡು ಮನೆಯಲ್ಲಿ ಇಟ್ಟುಕೊಳ್ಳುವುದು ಒಳಿತು. ಕಡಲಿನಿಂದ ಬಂದ ಕೂಡಲೇ ಬಾವಿಯ ನೀರಿನಿಂದ ತೊಳೆದು, ಒರೆಸಿ, ಚೈನಿಗೆ ಮಾತ್ರ ಎಣ್ಣೆ ಹಾಕುವುದು ಈಗ ನಮ್ಮ ಮನೆಯ ನಿಯಮ. ಎಣ್ಣೆಯ ಡಬ್ಬಿ ಮೊಮ್ಮಗನ ವಶದಲ್ಲಿದೆ.

ಚಳಿಗಾಲದಲ್ಲಿ ನಮ್ಮ ತೀರಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅವು ಗುಂಡಿ ತೋಡುವುದು ಭರತದ ಗೆರೆಗಿಂತ ಮೇಲಿನ ಒಣ ಮರಳಿನಲ್ಲಿ, ಸರಿಯಾಗಿ ಈ ಸೈಕಲ್ಲಿನವರು ತಮ್ಮ ಗಾಲಿಯ ಸಾಮರ್ಥ್ಯ ತೋರಿಸಲು ಹೋಗುವ ಜಾಗದಲ್ಲಿ. ನವೆಂಬರಿನಿಂದ ಮಾರ್ಚಿಯವರೆಗೆ ನೀರಂಚಿನಲ್ಲೇ ಇರೆಂದು ಮೊಮ್ಮಗನಿಗೆ ಕಟ್ಟಪ್ಪಣೆ ಮಾಡಿದ್ದೇನೆ. ಉಪ್ಪು ತಾಗಿದರೆ ತಾಗಲಿ, ತೊಳೆಯಬಹುದು.

ಹಾಗಾದರೆ ನನ್ನ ಅಭಿಪ್ರಾಯವೇನು? ಮನೆಗೆ ಒಂದೇ ಸೈಕಲ್ಲು, ದಿನವೂ ಡಾಂಬರಿನಲ್ಲಿ ಐದಾರು ಕಿಲೋಮೀಟರು ಶಾಲೆಗೆ ತುಳಿಯಬೇಕು, ಹದಿನಾಲ್ಕು ಸಾವಿರ ಕೂಡಿಸಲು ಸಾಲ ಮಾಡಬೇಕು ಎಂದಾದರೆ ಬೇಡ. ಅದರ ಅರ್ಧದಷ್ಟು ಬೆಲೆಗೆ ಎರಡಿಂಚಿನ ಟೈರಿನ, ಗೇರಿಲ್ಲದ, ಮಡ್‌ಗಾರ್ಡು ಕ್ಯಾರಿಯರು ಇರುವ ಸೈಕಲ್ಲು ಸಿಗುತ್ತದೆ. ಹೊಂಡಕ್ಕೂ ಅದು ಹೆದರುವುದಿಲ್ಲ. ಶಾಲೆ ಹತ್ತಿರ, ದಾರಿ ಕಚ್ಚಾ, ಅಥವಾ ಮಗು ಮನೆಬಿಟ್ಟು ಹೊರಡುವುದೇ ಕಷ್ಟ ಎಂದಾದರೆ ಧಾರಾಳವಾಗಿ ಕೊಡಿಸಿ, ಆದರೆ ಬ್ರೇಕು ತಿಳಿದ ಒಬ್ಬ ರಿಪೇರಿಯವನನ್ನು ಮೊದಲು ಹುಡುಕಿಟ್ಟುಕೊಳ್ಳಿ. ನನ್ನನ್ನೇ ಮತ್ತೆ ಆ ದೀಪಾವಳಿಗೆ ಒಯ್ದು ನಿಲ್ಲಿಸಿದರೆ? ಕೊಡಿಸುತ್ತಿದ್ದೆ.

ಅಂಕೋಲೆಯ ಶಿಷ್ಯನಿಗೆ ನಿನ್ನೆ ಮತ್ತೆ ಫೋನು ಮಾಡಿದೆ. "ನಾನು ಮೊನ್ನೆ ಹೇಳಿದ್ದನ್ನು ಮರೆತುಬಿಡು. ಬರುವ ಭಾನುವಾರ ಮಗನನ್ನು ಕರೆದುಕೊಂಡು ಬಾ. ಬೆಳಿಗ್ಗೆ ಧಾರೇಶ್ವರದ ಮರಳಿನಲ್ಲಿ ಒಂದು ಗಂಟೆ ತುಳಿಯಲಿ. ಆಮೇಲೆ ಅದೇ ಸೈಕಲ್ಲಿನಲ್ಲಿ ಬೆನ್ನಿಗೆ ಪಾಟಿಚೀಲ ಹಾಕಿಕೊಂಡು ನಮ್ಮ ಶಾಲೆಯವರೆಗೆ ಹೋಗಿ ಬರಲಿ. ಊಟಕ್ಕೆ ಕುಳಿತಾಗ ಅವನನ್ನೇ ಕೇಳೋಣ" ಎಂದೆ. ಬರುತ್ತೇನೆಂದಿದ್ದಾನೆ. ಹುಡುಗನಿಗೆ ಏಡಿಯ ಸಾರು ಇಷ್ಟವಂತೆ. ನಮ್ಮ ಮನೆಯಲ್ಲಿ ಅದು ಸಿಗದು, ಹಲಸಿನಕಾಯಿ ಹುಳಿಯಲ್ಲಿ ಸುಧಾರಿಸಿಕೊಳ್ಳಬೇಕಾಗುತ್ತದೆಂದು ಮೊದಲೇ ತಿಳಿಸಿದ್ದೇನೆ.